ನಾಸ್ತಿಕನಿಗೂ ಜಾಗ ಕೊಟ್ಟ ಬಂಧುಬಳಗಕ್ಕೆ

ಪೂಜ್ಯ ಕಾಕಾ ಅವರಿಗೆ, ಅವರು ಆಡಿದ್ದಕ್ಕೆಲ್ಲ ಹೂಂಗುಟ್ಟುವ ದೊಡ್ಡಪ್ಪ, ಚಿಗವ್ವ, ಸೋದರಮಾವ, ಅತ್ತೆ ಹಾಗೂ ಸಮಸ್ತ ಬೀಗರಿಗೆ ಶರಣು ಶರಣಾರ್ಥಿ.

ಕಾಗದದ ನೆತ್ತಿಯ ಮೇಲೆ ‘ಶ್ರೀ ಗುರುಬಸವಲಿಂಗಾಯ ನಮಃ’ ಇಲ್ಲವೆಂದು ಚಿಗವ್ವ ಮೊದಲ ಸಾಲಿಗೇ ಮುನಿಸಿಕೊಳ್ಳುತ್ತಾರೆ. ಅವರೇ ಪೆನ್ಸಿಲ್ ಹಿಡಿದು ಬರೆದುಕೊಳ್ಳಲಿ, ನನ್ನ ತಕರಾರಿಲ್ಲ. ಅದಕ್ಕೆಂದೇ ಮೇಲೆ ಒಂದಿಷ್ಟು ಜಾಗ ಬಿಟ್ಟಿದ್ದೇನೆ. ಜಾಗ ಬಿಡುವ ಔದಾರ್ಯ ಕಲಿತದ್ದೇ ನಿಮ್ಮಿಂದ.

ಔದಾರ್ಯವೇನು ಸಣ್ಣದೇ! ನಾನು ದೇವರನ್ನು ಬಿಟ್ಟ ಸುದ್ದಿ ಮನೆಮಂದಿಗೆ ತಿಳಿದಾಗ ಯಾರೂ ಅನ್ನ ನೀರು ಬಿಡಲಿಲ್ಲ, ಯಾರೂ ಬಾಗಿಲು ಹಾಕಿಕೊಳ್ಳಲಿಲ್ಲ, ಹೊಲದ ಪಾಲಿನಲ್ಲಿ ಒಂದು ಗುಂಟೆಯನ್ನೂ ಕಡಿಮೆ ಮಾಡಲಿಲ್ಲ. ಕಾಕಾ ಎಲೆಅಡಿಕೆ ಜಗಿಯುತ್ತ ಕಟ್ಟೆಯ ಮೇಲೆ ಕೂತು, ಇಡೀ ಓಣಿಗೆ ಕೇಳುವಂತೆ, “ಇರಲಿ ಬಿಡ್ರಿ, ನಮ್ಮೊಳಗ ನಾಸ್ತಿಕರಿಗೂ ಜಾಗ ಐತಿ” ಅಂದುಬಿಟ್ಟರು. ಮುಗಿಯಿತು. ಹೇಳಲೋ ಬೇಡವೋ ಎಂದು ವರ್ಷಗಟ್ಟಲೆ ಒಳಗೊಳಗೇ ಬೆಂದು, ಕಡೆಗೊಮ್ಮೆ ಗಟ್ಟಿ ಮನಸ್ಸು ಮಾಡಿ ಹೊಸ್ತಿಲು ದಾಟಿದೆ ಅಂದುಕೊಂಡರೆ, ನೀವು ಹೊಸ್ತಿಲನ್ನೇ ಕಿತ್ತು ನನ್ನಿಂದ ನಾಲ್ಕು ಹೆಜ್ಜೆ ಆಚೆ ನೆಟ್ಟಿದ್ದಿರಿ. ನಾನೆಲ್ಲಿ ನಿಂತರೂ ಅದು ನಮ್ಮ ಮನೆಯ ಅಂಗಳವೇ.

ಆಮೇಲೆ ಪುರಾವೆಗಳ ಸುರಿಮಳೆ. ಸಂಸ್ಕೃತ ಓದಿದ ದೊಡ್ಡಪ್ಪ, 14ನೇ ಶತಮಾನದ ‘ಸರ್ವದರ್ಶನಸಂಗ್ರಹ’ದಲ್ಲಿ ಚಾರ್ವಾಕರಿಗೆ ಮೊದಲ ಅಧ್ಯಾಯವನ್ನೇ ಕೊಟ್ಟಿದ್ದಾರೆ, ಎಂಥ ದೊಡ್ಡ ಮನಸ್ಸು ನೋಡು ಅಂದರು. ಹಿಂದೆ ಬರುವವರಿಗೆ ಕೆಡವಲು ಅನುಕೂಲವಾಗಲೆಂದೇ ಅವರನ್ನು ಮುಂದೆ ನಿಲ್ಲಿಸಿದ್ದಾರೆ ಎಂಬುದನ್ನು ಮಾತ್ರ ಹೇಳಲಿಲ್ಲ. ಸೋದರಮಾವ ಜಯವಿಜಯರ ಕಥೆ ತೆಗೆದರು: ಭಕ್ತರಾಗಿ ಏಳು ಜನ್ಮ, ವೈರಿಗಳಾಗಿ ಮೂರೇ ಜನ್ಮ, ವೈರಿಗಳೇ ಬೇಗ ಹೋಗಿ ಮುಟ್ಟಿದರು. ಹೀಗಾಗಿ ನಾನು ಹಟ ಮಾಡಿದಷ್ಟೂ ವೈಕುಂಠ ಹತ್ತಿರ. ಕಾಕಾ ಅವರದಂತೂ ಕಡೆಯ ಬಾಣ: “ಗುಡಿ ಬ್ಯಾಡ, ಹೋಮ ಬ್ಯಾಡ ಅಂತ ನಮ್ಮ ಶರಣರು ಹನ್ನೆರಡನೇ ಶತಮಾನದಾಗ ಹೇಳ್ಯಾರ. ಖರೇ ಶರಣ ಅಂದ್ರ ನೀನ ನೋಡು.” ರಾಜೀನಾಮೆ ಕೊಡಲು ಹೋದವನಿಗೆ ಬಡ್ತಿಯ ಆದೇಶ ಸಿಕ್ಕಿತು.

ಚಿಗವ್ವ ಯಾರಿಗೂ ಹೇಳದೆ ನನ್ನ ಜಾತಕವನ್ನು ಜ್ಯೋತಿಷಿಗೆ ತೋರಿಸಿಕೊಂಡು ಬಂದದ್ದೂ ಗೊತ್ತು. ಒಂಬತ್ತನೇ ಮನೆಯಲ್ಲಿ ಕೇತು ಕೂತಿದ್ದಾನಂತೆ, ದಶೆ ಕಳೆದ ಮೇಲೆ ಹುಡುಗ ತಾನೇ ದಾರಿಗೆ ಬರುತ್ತಾನಂತೆ. ನಿದ್ದೆಗೆಟ್ಟು ಓದಿದ್ದು, ವಾದಿಸಿದ್ದು, ಒಂಟಿಯಾಗಿ ಅತ್ತದ್ದು ಎಲ್ಲ ಕೇತುವಿನ ಖಾತೆಗೆ ಜಮೆಯಾಯಿತು. ನನ್ನ ಅವಿಶ್ವಾಸಕ್ಕಾದರೂ ನಾನೇ ಹೊಣೆ ಎಂದು ಹೇಳಿಕೊಳ್ಳುವ ಹಕ್ಕು ಉಳಿಯಲಿಲ್ಲ.

ಇಷ್ಟು ಜಾಗ ಕೊಟ್ಟ ಮೇಲೆ ಇವನದಿನ್ನೇನು ಗೋಳು ಅನ್ನುತ್ತೀರಿ. ಹೇಳುತ್ತೇನೆ. ನಮ್ಮ ಕಡೆ ಸಾವಾದ ಮನೆಗೆ ಮಾತಾಡಿಸಲು ಹೋಗುತ್ತೇವಲ್ಲ. ಹೋದವರು ಹೆಚ್ಚೇನೂ ಹೇಳುವುದಿಲ್ಲ. ಚಾಪೆಯ ಮೇಲೆ ಕೂತು, “ಹೆಂಗಾತು?” ಎಂದು ಕೇಳಿ, ಆ ಮನೆಯವರು ಹತ್ತನೇ ಸಲ ಹೇಳುವ ಅದೇ ಕಥೆಯನ್ನು ಮೊದಲ ಸಲ ಕೇಳಿದಂತೆ ಕೇಳಿ, ಅರ್ಧ ಕಪ್ಪು ಚಹಾ ಕುಡಿದು ಏಳುತ್ತಾರೆ. ನನ್ನೊಳಗೂ ಒಂದು ಸಾವಾಗಿತ್ತು ಕಾಕಾ. ಹುಟ್ಟಿದಾಗಿನಿಂದ ನನ್ನ ಪ್ರತಿ ಮಾತನ್ನೂ ಕೇಳಿಸಿಕೊಳ್ಳುತ್ತಿದ್ದ ಒಬ್ಬ ಇಲ್ಲವಾದ. ನೀವು ಯಾರೂ ಮಾತಾಡಿಸಲು ಬರಲಿಲ್ಲ. ಕೆಲವರು ವಾದ ಮಾಡಲು ಬಂದಿರಿ, ಉಳಿದವರು ಅಭಿನಂದಿಸಲು.

ಕರಡಿಗೆಯ ವಿಷಯ ನಿಮಗಾರಿಗೂ ತಿಳಿದಿಲ್ಲ. ತೊಟ್ಟಿಲಲ್ಲಿದ್ದಾಗಲೇ ಕೊರಳಿಗೆ ಬಂದ ಲಿಂಗ. ಬೆಳ್ಳಿಯ ಕರಡಿಗೆ ಅಜ್ಜ ಮಾಡಿಸಿಕೊಟ್ಟದ್ದು, ಮುಚ್ಚಳದ ಒಂದಂಚು ನನ್ನ ಹಾಲುಹಲ್ಲಿಗೆ ಸಿಕ್ಕಿ ಸೊಟ್ಟಗಾಗಿದೆ. ಶಿವದಾರ ಬಿಚ್ಚಿಟ್ಟ ದಿನ ಏನೋ ಹಗುರಾಗುತ್ತದೆಂದು ಕಾದೆ. ಹಗುರೇನೂ ಆಗಲಿಲ್ಲ. ಮೈಗೆ ನೀರು ಹಾಕಿಕೊಳ್ಳುವಾಗ ಕೈ ತಾನಾಗಿ ಎದೆಗೆ ಹೋಗಿ ದಾರ ಸರಿಸಲು ತಡಕಾಡಿತು. ಬಗ್ಗಿ ಬೂಟಿನ ಲೇಸು ಕಟ್ಟಿದರೆ ತೂಗಿ ಬಂದು ಗದ್ದಕ್ಕೆ ಬಡಿಯುವುದೇನೂ ಇಲ್ಲ. ಊಟಕ್ಕೆ ಕೂತರೆ ಮೊದಲ ತುತ್ತು ಗಂಟಲಲ್ಲಿ ನಿಂತಿತು. ಲಿಂಗಪೂಜೆಯಾಗದೆ ಗುಟುಕು ನೀರನ್ನೂ ಇಳಿಸದ ಮನೆಯಲ್ಲಿ ಬೆಳೆದ ಗಂಟಲು ಅದು. ನಾನು ಓದಿದ ಪುಸ್ತಕಗಳನ್ನು ಅದು ಓದಿರಲಿಲ್ಲ.

ಈಗ ಕರಡಿಗೆ ಮೇಜಿನ ಡ್ರಾದಲ್ಲಿದೆ. ಪಕ್ಕದಲ್ಲಿ ಹಳೆಯ ಚಷ್ಮಾ, ಮುಗಿದ ಪಾಸ್‌ಬುಕ್ಕು, ಯಾವ ಬೀಗಕ್ಕೂ ಹತ್ತದ ಎರಡು ಕೀಲಿ. ಬಿಸಾಡಲು ಕೈ ಬರುವುದಿಲ್ಲ. ಹೊಳೆಗೆ ಬಿಡೋಣವೆಂದರೆ ಅದೂ ಒಂದು ಪೂಜೆಯೇ ಆದೀತು. ಮಾರೋಣವೆಂದರೆ ಅಜ್ಜನ ಬೆಳ್ಳಿ. ದೀಪಾವಳಿಗೆ ಡ್ರಾ ಚೊಕ್ಕ ಮಾಡುವಾಗ ಕರಡಿಗೆಯ ಮೇಲೆ ಕೂತ ಧೂಳನ್ನು ಅಂಗಿಯ ಚುಂಗಿನಿಂದ ಒರೆಸಿ ಮತ್ತೆ ಅಲ್ಲೇ ಇಡುತ್ತೇನೆ. ದಯವಿಟ್ಟು ಇದನ್ನೋದಿ “ನೋಡ್ರಿ, ಇನ್ನೂ ಭಕ್ತಿ ಐತಿ” ಎಂದು ಕಟ್ಟೆಯ ಮೇಲೆ ಡಂಗುರ ಸಾರಬೇಡಿ. ಅಜ್ಜನ ಊರುಗೋಲು ಉಳಿದಿದ್ದರೆ ಅದನ್ನೂ ಒರೆಸುತ್ತಿದ್ದೆ.

ಅವ್ವ ತೀರಿಕೊಂಡಾಗಿನ ಮಾತು ಹೇಳದೆ ವಿಧಿಯಿಲ್ಲ. ರಾತ್ರಿಯಿಡೀ ಭಜನೆ, ಗೋಡೆಗೆ ಆನಿಸಿ ಕೂರಿಸಿದ ಅವ್ವ, ಹಣೆ ತುಂಬ ವಿಭೂತಿ. ವಿಮಾನ ಕಟ್ಟುವ ಹೊತ್ತಿಗೆ ಅವಳ ಎಡಗೈಯಲ್ಲಿ ಲಿಂಗವಿಟ್ಟು, ಬೆರಳು ಮಡಚಿ, ಬಿಳಿ ಬಟ್ಟೆಯಿಂದ ಕಟ್ಟಬೇಕಿತ್ತು. ಬೆರಳು ಸೆಟೆದಿದ್ದವು. ಹಿರಿಮಗ ನೀನೇ ಮಾಡು ಅಂದಿರಿ. ನನ್ನ ಪಾಲಿಗೆ ಅದು ಕಲ್ಲು, ಅವಳ ಪಾಲಿಗೆ ಅಲ್ಲ. ಆ ಹೊತ್ತಿನಲ್ಲಿ ಕೈ ಅವಳದು. ಒಂದೊಂದೇ ಬೆರಳನ್ನು ನನ್ನ ಅಂಗೈ ಬಿಸಿಯಲ್ಲಿ ಹಿಡಿದು ಮಡಚಿದೆ. ನಂಬಿಕೆ ಇದೆಯೇ ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಗಂಟು ಸಡಿಲಾಗದಿರಲಿ ಎಂದು ಎರಡು ಸುತ್ತು ಹೆಚ್ಚಿಗೆ ಹಾಕಿದೆ.

ಮಣ್ಣು ಕೊಟ್ಟು ಬಂದ ಮೇಲೆ ಕಾಕಾ, ನೀವು ನನ್ನ ಹೆಗಲ ಮೇಲೆ ಕೈಯಿಟ್ಟು, “ಲಿಂಗದಾಗ ಒಂದಾದಳು, ಅಳಬ್ಯಾಡ” ಅಂದಿರಿ. ನಿಮ್ಮ ಕಣ್ಣಲ್ಲೂ ನೀರಿತ್ತು. ಆದರೆ ಲೆಕ್ಕ ಹಾಕಿ ನೋಡಿ: ನಿಮ್ಮ ಪ್ರಕಾರ ಅತ್ತಿಗೆ ಊರು ಬದಲಿಸಿದ್ದಾರೆ, ಇವತ್ತಲ್ಲ ನಾಳೆ ನೀವೂ ಅದೇ ಊರಿಗೆ ಹೋಗುವವರು. ನನ್ನ ಪ್ರಕಾರ ಅವ್ವ ಎಲ್ಲಿಯೂ ಇಲ್ಲ. ಒಂದೇ ಸಾವಿಗೆ ಇಬ್ಬರೂ ಅತ್ತೆವು, ನನ್ನ ಖರ್ಚು ಹೆಚ್ಚು. ಮುಂದಿನ ವಾರ ಮಗಳು ಬಂದು ಅಜ್ಜಿ ಈಗೆಲ್ಲಿದ್ದಾಳೆ ಎಂದು ಕೇಳಿದಳು. ಎಲ್ಲೂ ಇಲ್ಲ, ನಮ್ಮ ನೆನಪಿನಲ್ಲಿದ್ದಾಳೆ ಅಂದೆ. ಕೂಸು ತಾಳ್ಮೆಯಿಂದ ಕೇಳಿಸಿಕೊಂಡು ನೆಟ್ಟಗೆ ನಿಮ್ಮ ಹತ್ತಿರ ಬಂತು. ನೀವು ಅಂಗಳಕ್ಕೆ ಕರೆದೊಯ್ದು ಒಂದು ಚಿಕ್ಕೆ ತೋರಿಸಿದಿರಿ. ಅವಳು ಅವತ್ತು ಚೆನ್ನಾಗಿ ಊಟ ಮಾಡಿದಳು. ಬಾಗಿಲ ಹಿಂದೆ ನಿಂತ ನನಗೆ ಸಿಟ್ಟು ಬರಬೇಕಿತ್ತು; ಬಂದದ್ದು ಹೊಟ್ಟೆಕಿಚ್ಚು.

ಬೇಡಿಕೊಳ್ಳಲು ಯಾರೂ ಇಲ್ಲವೆಂಬುದು ಹೇಗೋ ರೂಢಿಯಾಗುತ್ತದೆ. ಬೈಯಲು ಯಾರೂ ಇಲ್ಲ ಎಂಬುದಕ್ಕೆ ಒಗ್ಗುವುದು ಕಷ್ಟ. ಮಳೆ ಹೋದ ವರ್ಷ ಅವ್ವ ಹೊಲದ ಬದುವಿನಲ್ಲಿ ನಿಂತು, “ನಿನ್ನ ಕಣ್ಣು ಹೋಗ್ಯಾವೇನೋ ಶಿವನೇ” ಎಂದು ಬಾಯ್ತುಂಬ ಬೈದು, ಮನೆಗೆ ಬಂದು ನಿಶ್ಚಿಂತೆಯಿಂದ ರೊಟ್ಟಿ ಬಡಿಯುತ್ತಿದ್ದಳು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಎಂದು ಘೋಷಣೆಯಾದವಲ್ಲ, ಆಗ ನನ್ನ ಪಾಲಿಗೆ ಉಳಿದದ್ದು ಎಲ್ ನಿನೋ. ಪೆಸಿಫಿಕ್ ಸಾಗರದ ನೀರು ಬಿಸಿಯಾದದ್ದಕ್ಕೆ ಯಾರ ಕಣ್ಣು ಹೋಗಿವೆ ಎಂದು ಕೇಳಲಿ?

ಕೃತಜ್ಞತೆಯ ಪಾಡೂ ಅದೇ. ಮಗಳ ಡೆಂಗಿ ಜ್ವರ ಇಳಿದ ಬೆಳಿಗ್ಗೆ, ಆಸ್ಪತ್ರೆಯ ಮೆಟ್ಟಿಲ ಮೇಲೆ ಎದೆ ಉಕ್ಕಿ ಬಂತು. ವೈದ್ಯರಿಗೆ, ನರ್ಸಮ್ಮನಿಗೆ ಹೇಳಬೇಕಾದ್ದೆಲ್ಲ ಹೇಳಿಯಾಗಿತ್ತು. ಇನ್ನೂ ಬಹಳ ಉಳಿದಿತ್ತು. ಎಲ್ಲಿ ಸುರಿಯಬೇಕೋ ತಿಳಿಯದೆ ಪಾರ್ಕಿಂಗ್ ಚೀಟಿ ಹರಿಯುವ ಹುಡುಗನ ಕೈಗೆ ನೂರರ ನೋಟು ತುರುಕಿದೆ. ಅವನು ಚಿಲ್ಲರೆ ಇಲ್ಲ ಅಂದ.

ಇಂಥ ಪೇಚಾಟಕ್ಕೆ ನನ್ನ ಗುರುಗಳೂ ತಯಾರು ಮಾಡಿರಲಿಲ್ಲ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳ ಪರೀಕ್ಷೆಗೆ ಸಮಿತಿ ರಚಿಸಿದ ಕಥೆ ಕೇಳಿಕೊಂಡೇ ಬೆಳೆದವನು ನಾನು. ಎ.ಎನ್. ಮೂರ್ತಿರಾಯರು ತೊಂಬತ್ತರ ಆಸುಪಾಸಿನಲ್ಲಿ ಬರೆದ ‘ದೇವರು’ ಪುಸ್ತಕವನ್ನು ಹಾಸ್ಟೆಲಿನಲ್ಲಿ ಓದಿದೆ. ವಾದ ಗೆಲ್ಲುವುದು ಅಷ್ಟೇನೂ ತ್ರಾಸಿನ ಕೆಲಸವಲ್ಲ, ಅವರು ಚೆನ್ನಾಗಿ ಕಲಿಸಿದ್ದರು. ಗೆದ್ದ ಮೇಲೆ ಮನೆಗೆ ಹೋಗಿ ಏನು ಮಾಡಬೇಕು ಎಂಬುದನ್ನು ವಿಚಾರವಾದಿಗಳ ಸಭೆಯಲ್ಲಿ ಯಾರೂ ಎತ್ತುವುದಿಲ್ಲ. ಎತ್ತಿದರೆ ಆಸ್ತಿಕರಿಗೆ ಸುಳಿವು ಸಿಕ್ಕೀತು ಎಂಬ ಹೆದರಿಕೆ ಇರಬೇಕು. ಭಾಷಣ ಮುಗಿಸಿ, ಶಾಲು ಹೊದಿಸಿಕೊಂಡು, ಹಾರ ತೆಗೆದಿಟ್ಟು ಹೊರಡುತ್ತಾರೆ.

ನನ್ನ ಕೈ ಹಿಡಿದವನು ದೂರದ ಡಾರ್ವಿನ್. 1839ರಲ್ಲಿ, ಮದುವೆಯ ಹೊಸತರಲ್ಲಿ, ಹೆಂಡತಿ ಎಮ್ಮಾ ಅವನಿಗೊಂದು ಕಾಗದ ಬರೆದಳು. ಗಂಡನ ಸಂಶಯಗಳು ಹೀಗೇ ಬೆಳೆದರೆ ಪರಲೋಕದಲ್ಲಿ ಇಬ್ಬರೂ ಬೇರೆಯಾದೇವು ಎಂಬ ದಿಗಿಲು ಅವಳದು. ಡಾರ್ವಿನ್ ಅದಕ್ಕೆ ಉತ್ತರವಾಗಿ ವಾದ ಮಂಡಿಸಲಿಲ್ಲ. ಆ ಕಾಗದವನ್ನು ಜೋಪಾನವಾಗಿ ಇಟ್ಟುಕೊಂಡ. ತಾನು ಸತ್ತ ಮೇಲೆ ಎಮ್ಮಾ ಓದಲೆಂದು, ಇದಕ್ಕೆ ಎಷ್ಟೋ ಸಲ ಮುತ್ತಿಟ್ಟು ಅತ್ತಿದ್ದೇನೆ ಎಂಬರ್ಥದಲ್ಲಿ ಅದರ ಮೇಲೇ ಬರೆದ. 1851ರಲ್ಲಿ ಹತ್ತು ವರ್ಷದ ಮಗಳು ಆ್ಯನಿ ತೀರಿಹೋದಳು. ಹೆಂಡತಿ ಮಕ್ಕಳನ್ನು ಡೌನ್ ಎಂಬ ಹಳ್ಳಿಯ ಚರ್ಚಿನವರೆಗೆ ಬಿಟ್ಟು, ಪ್ರಾರ್ಥನೆ ಮುಗಿಯುವ ತನಕ ಅವನೊಬ್ಬನೇ ಸುತ್ತಮುತ್ತ ಅಡ್ಡಾಡುತ್ತಿದ್ದನಂತೆ. ಸೋಮವಾರ ಮಠದ ಹೊರಗೆ, ಹೆಂಡತಿಯ ಚಪ್ಪಲಿ ಕಾಯುತ್ತ ನಿಂತವನಿಗೆ ಇದು ಸಣ್ಣ ಸಮಾಧಾನವಲ್ಲ.

ಇನ್ನೊಬ್ಬ ಭಗತ್ ಸಿಂಗ್. ಅವನ ಫೋಟೋ, ಕಾಕಾ, ನಿಮ್ಮ ಅಂಗಡಿಯಲ್ಲಿ ಗಲ್ಲೆಯ ಮೇಲೆ, ಲಕ್ಷ್ಮಿಯ ಪಕ್ಕದಲ್ಲೇ ತೂಗುತ್ತದೆ. ದಿನವೂ ಊದಿನಕಡ್ಡಿ ಬೆಳಗುತ್ತೀರಿ. 1930ರಲ್ಲಿ ಲಾಹೋರಿನ ಜೈಲಿನಲ್ಲಿ ಅವನು ‘ನಾನೇಕೆ ನಾಸ್ತಿಕ’ ಎಂದು ಬರೆದ ಸಂಗತಿ ಬಹುಶಃ ಊದಿನಕಡ್ಡಿಗೆ ಗೊತ್ತಿಲ್ಲ. ಆರ್ಯಸಮಾಜದ ಮನೆಯ ಹುಡುಗ, ಶಾಲೆಯ ದಿನಗಳಲ್ಲಿ ಗಂಟೆಗಟ್ಟಲೆ ಗಾಯತ್ರಿ ಜಪಿಸುತ್ತಿದ್ದವನು. 1927ರಲ್ಲಿ ಪೊಲೀಸರು ಮೊದಲ ಸಲ ಹಿಡಿದಾಗ, ಕೆಲವು ಅಧಿಕಾರಿಗಳು ಎರಡು ಹೊತ್ತೂ ದೇವರ ಪ್ರಾರ್ಥನೆ ಮಾಡೆಂದು ಅವನ ಮನವೊಲಿಸಲು ನೋಡಿದರಂತೆ. ಬ್ರಿಟಿಷ್ ಸರ್ಕಾರದ ಪೊಲೀಸರಿಗೂ ಎಂಥ ಕಾಳಜಿ! ನಂಬಿಕೆಯಿದ್ದರೆ ಕಷ್ಟ ಸಹಿಸುವುದು ಸುಲಭ, ಅದನ್ನು ಬಿಟ್ಟವನು ತನ್ನ ಕಾಲ ಮೇಲೆ ತಾನೇ ನಿಲ್ಲಬೇಕು ಎಂಬುದನ್ನು ಅವನು ಮುಚ್ಚಿಡಲಿಲ್ಲ. ನೇಣು ಹತ್ತಿರವಾದಾಗ ಪ್ರಾರ್ಥಿಸುವುದು ತನಗೆ ಅವಮಾನವೆಂದೇ ಬಗೆದ. ಅಷ್ಟು ಗಟ್ಟಿ ಎದೆ ನನ್ನದಲ್ಲ. ಬಸ್ಸು ಜೋರಾಗಿ ಬ್ರೇಕ್ ಹಾಕಿದರೂ ನನ್ನ ಬಾಯಲ್ಲಿ ‘ಶಿವನೇ’ ಅಂತಲೇ ಬರುತ್ತದೆ.

ಉಳವಿಯ ಜಾತ್ರೆಗೂ ನಾನು ತಪ್ಪಿಸುವುದಿಲ್ಲ, ಅದು ನಿಮ್ಮ ದೊಡ್ಡ ಸಾಕ್ಷಿ. ಭರತ ಹುಣ್ಣಿಮೆಯ ಹೊತ್ತಿಗೆ ಸಿಂಗರಿಸಿದ ಎತ್ತು, ಸಾಲು ಚಕ್ಕಡಿ, ಕಾಡಿನ ದಾರಿ, ಗಂಟಿನಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ. ತೇರು ಅಲುಗಿದಾಗ ಸಾವಿರ ಗಂಟಲು ಒಟ್ಟಿಗೆ ‘ಹರಹರ ಮಹಾದೇವ’ ಅನ್ನುತ್ತವೆ. ನನ್ನ ಮೈ ಈಗಲೂ ಜುಮ್ಮೆನ್ನುತ್ತದೆ. ಆದರೆ ಆ ಗಳಿಗೆಯಲ್ಲೇ ನಾನು ಎಲ್ಲರಿಗಿಂತ ಒಂಟಿ. ಉತ್ತತ್ತಿ ಎಸೆಯುವ ಕೈಗೆ ಅದು ಎಲ್ಲಿ ಹೋಗಿ ಮುಟ್ಟಬೇಕೆಂದು ಗೊತ್ತಿರುತ್ತದೆ. ನಾನು ಎಸೆದ ಉತ್ತತ್ತಿ ಬರೇ ತೇರಿನ ಮೇಲೆ ಬೀಳುತ್ತದೆ.

ಇನ್ನು ನಿಮ್ಮ ಜಾಗದ ಅಳತೆಯ ವಿಚಾರ. ಅದು ಎಲ್ಲರಿಗೂ ಒಂದೇ ಅಲ್ಲ. ನಾನು ಬಿಟ್ಟರೆ ‘ಭಾಳ ಓದ್ಯಾನ’ ಅನ್ನುತ್ತೀರಿ. ನನ್ನ ಹಾಗೆಯೇ ಓದಿ, ನನಗಿಂತ ಮೊದಲೇ ಬಿಟ್ಟ ದೊಡ್ಡಪ್ಪನ ಮಗಳು ಅತ್ತೆಮನೆಯಲ್ಲಿ ಶ್ರಾವಣ ಸೋಮವಾರ ದೀಪ ಹಚ್ಚಲು ಒಲ್ಲೆನೆಂದಾಗ ಅದು ಸೊಕ್ಕಾಯಿತು. ಪಂಚಾಯಿತಿ ಕೂಡಿಸಿ ನೀವೇ ಬುದ್ಧಿ ಹೇಳಿ ಬಂದಿರಿ. ಈಗವಳು ದಿನವೂ ದೀಪ ಹಚ್ಚುತ್ತಾಳೆ, ಮನೆಮಂದಿಯೆಲ್ಲ ಸುಖವಾಗಿದ್ದಾರೆ. ಅವಳಿಗೆ ಚಾರ್ವಾಕನ ಅಧ್ಯಾಯವನ್ನು ಯಾರೂ ಓದಿ ಹೇಳಲಿಲ್ಲ. ನನ್ನ ನಾಸ್ತಿಕತೆಯ ಬಾಡಿಗೆಯನ್ನೂ ಹೆಂಡತಿಯೇ ಕಟ್ಟುತ್ತಿದ್ದಾಳೆ: ನಂಬಿಕೆ ಅವಳಿಗೂ ಅಷ್ಟಕ್ಕಷ್ಟೇ, ಆದರೂ ಮನೆಯ ಹಬ್ಬಹುಣ್ಣಿಮೆಯ ಎರಡು ಪಾಲು ಅವಳ ತಲೆಯ ಮೇಲೆ.

2015ರ ಫೆಬ್ರುವರಿಯಲ್ಲಿ ಢಾಕಾದ ಪುಸ್ತಕ ಮೇಳದಿಂದ ಹೊರಬಂದ ನಾಸ್ತಿಕ ಬರಹಗಾರ ಅಭಿಜಿತ್ ರಾಯ್ ಅವರನ್ನು ಬೀದಿಯಲ್ಲೇ ಕೊಚ್ಚಿ ಕೊಂದಾಗ, “ನೋಡು, ನಾವು ಹಂಗಲ್ಲ” ಅಂದಿದ್ದಿರಿ. ಅದೇ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಕಲ್ಯಾಣನಗರದಲ್ಲಿ ಎಂ.ಎಂ. ಕಲಬುರ್ಗಿ ಅವರ ಮನೆ ಬಾಗಿಲಿಗೆ ಬಂದವರು ಗುಂಡು ಹೊಡೆದು ಹೋದರು. ವಚನಗಳಲ್ಲೇ ಆಯುಷ್ಯ ಸವೆಸಿದ ಹಿರಿಯರು; ನನ್ನಂತೆ ಬಿಟ್ಟುಹೋದವರೂ ಅಲ್ಲ. ಆ ವಾರ ನೀವು ನನ್ನನ್ನು ದನದ ಕೊಟ್ಟಿಗೆಯ ಹಿಂದೆ ಕರೆದೊಯ್ದು, “ಒಳಗ ಏನರ ಇರಲಿ ತಮ್ಮಾ, ಹೊರಗ ಮಾತಾಡಬ್ಯಾಡ” ಅಂದಿರಿ. ನಿಮ್ಮ ದನಿ ನಡುಗುತ್ತಿತ್ತು. ನೀವು ಕೊಟ್ಟ ಜಾಗದ ಉದ್ದಗಲ ನನಗೆ ಸರಿಯಾಗಿ ತಿಳಿದದ್ದು ಅವತ್ತು. ನಿಮಗೆ ನನ್ನ ಮೇಲಿರುವ ಪ್ರೀತಿ ತಿಳಿದದ್ದೂ ಅವತ್ತೇ.

ಧರ್ಮದ ಕಾಲಮ್ಮುಗಳ ಜಗಳ ನಿಮಗೇ ಬಿಟ್ಟಿದ್ದೇನೆ. 2018ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಲಿಂಗಾಯತ ಪ್ರತ್ಯೇಕ ಧರ್ಮದ ಶಿಫಾರಸನ್ನು ದಿಲ್ಲಿಗೆ ಕಳಿಸಿದಾಗ, ನನ್ನನ್ನು ‘ಹಿಂದೂ’ ಅಂತ ಬರೆಸಬೇಕೋ ‘ಲಿಂಗಾಯತ’ ಅಂತಲೋ ಎಂದು ನೀವೂ ಸೋದರಮಾವನೂ ಆರು ತಿಂಗಳು ಮಾತು ಬಿಟ್ಟಿದ್ದಿರಿ. ನನ್ನನ್ನು ಕೇಳುವುದು ಇಬ್ಬರಿಗೂ ಹೊಳೆಯಲಿಲ್ಲ. 2011ರ ಜನಗಣತಿಯಲ್ಲಿ ‘ಧರ್ಮ ತಿಳಿಸದವರು’ ಎಂಬ ಸಾಲಿನಲ್ಲಿ ದೇಶದ ಶೇ. 0.24ರಷ್ಟು ಜನರಿದ್ದಾರೆ. ನಾನು ಅಲ್ಲೂ ಇಲ್ಲ. ಎಣಿಸಲು ಬಂದ ಮಾಸ್ತರರಿಗೆ ಚಹಾ ಕೊಟ್ಟು, ಎಲ್ಲ ಕಾಲಮ್ಮು ತುಂಬಿಸಿ ಕಳಿಸಿದವರು ನೀವೇ.

ಕಡೆಗೆ, ಪತ್ರ ಬರೆದ ಕಾರಣ. ದೇಹದಾನದ ಅರ್ಜಿ ತಂದಿದ್ದೇನೆ. ವೈದ್ಯಕೀಯ ಕಾಲೇಜಿನವರು ಹತ್ತಿರದ ಸಂಬಂಧಿಕರ ಸಹಿ ಕೇಳುತ್ತಾರೆ, ನಾಳೆ ಮನೆಯವರೇ ತಕರಾರು ತೆಗೆದರೆ ಅವರು ಹೆಣ ಒಯ್ಯಲಾರರು. ಹೆಂಡತಿ ಎರಡು ದಿನ ಅತ್ತು ಸಹಿ ಮಾಡಿದ್ದಾಳೆ. ಇನ್ನೊಂದು, ಕಾಕಾ, ನಿಮ್ಮದಾಗಬೇಕು ಎಂಬುದು ನನ್ನ ಆಸೆ. ನನ್ನನ್ನು ಕೂರಿಸಿ ವಿಭೂತಿ ಹಚ್ಚುವುದು, ಕುಣಿಯಲ್ಲಿ ಬಿಲ್ವಪತ್ರೆ ಸುರಿಯುವುದು, ಸ್ವಾಮಿಗಳು ತಲೆಯ ಮೇಲೆ ಪಾದ ಇಡುವುದು ಇದಾವುದೂ ಇರುವುದಿಲ್ಲ. ಅವ್ವನ ಮಗ್ಗುಲಿಗೆ ನನಗೆಂದು ನೀವು ಬಿಡಿಸಿಟ್ಟ ಮೂರು ಮೊಳ ನೆಲ ಖಾಲಿ ಉಳಿಯುತ್ತದೆ, ಅಲ್ಲೊಂದು ಬೇವಿನ ಸಸಿ ಹಚ್ಚಿ. ಸಹಿ ಹಾಕುವಾಗ ಸಂಕಟವಾಗುತ್ತದೆ ನಿಮಗೆ, ಬಲ್ಲೆ. ಆಗ ನಾನು ಪುರಾವೆ ಕೊಡುವುದಿಲ್ಲ, ಯಾವ ಗ್ರಂಥದ ಮೊದಲ ಅಧ್ಯಾಯವನ್ನೂ ತೆಗೆಯುವುದಿಲ್ಲ. ಸುಮ್ಮನೆ ಚಾಪೆಯ ಮೇಲೆ ನಿಮ್ಮ ಪಕ್ಕದಲ್ಲಿ ಕೂತಿರುತ್ತೇನೆ. ಚಹಾಕ್ಕೆ ಸಕ್ಕರೆ ಕಡಿಮೆ ಹಾಕಲು ಚಿಗವ್ವನಿಗೆ ಹೇಳಿ, ನನಗೂ ಈಗ ಶುಗರ್ ಬಂದಿದೆ.

ಭಾನುವಾರ ಬೆಳಿಗ್ಗೆಯೇ ಬರುತ್ತೇನೆ. ಸಂಜೆ ನಾಲ್ಕೂವರೆ ದಾಟಿದರೆ ರಾಹುಕಾಲವೆಂದು ನೀವು ಪೆನ್ನು ಮುಟ್ಟುವುದಿಲ್ಲ.

ಇಂತಿ ನಿಮ್ಮ ಅಣ್ಣನ ಮಗ